ಭಂಡಾರ ಮುಟ್ಟಿ ಹೇಳ್ರಿ

ಬಬಲೇಶ್ವರದ ನಂದಾ ಗಾಡಿ ಹೊಡೆಯಲು ಕಲಿತದ್ದು ತಿಕೋಟದ ತವರಿನ ದ್ರಾಕ್ಷಿ ತೋಟದಲ್ಲಿ. ಬಳ್ಳಿ ಸಾಲಿನ ನಡುವೆ ಅಪ್ಪನ ಟ್ರ್ಯಾಕ್ಟರ್ ನಡೆಸುವಾಗ ಕೈ ಒಂಚೂರು ಆಚೀಚೆ ಆದರೂ ಗೊನೆಗಳು ಗಾಲಿಯ ಪಾಲು. ಅಂಥ ಕೈ ಅದು. ಮದುವೆಯಾದ ಮೇಲೆ ಹಳೆಯ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸತೊಡಗಿದಾಗ ಊರ ಗಂಡಸರು ಮೀಸೆಯಲ್ಲೇ ನಕ್ಕರು. ನಗಲಿ ಬಿಡಿ. ಸುತ್ತಲಿನ ಬಸುರಿಯರು ವಿಜಯಪುರದ ದವಾಖಾನೆಗೆ ಹೋಗಬೇಕೆಂದರೆ ಮೊದಲು ಫೋನ್ ಮಾಡುತ್ತಿದ್ದದ್ದು ಅವಳಿಗೇ. ನಡೆಸುವವಳು ಹೆಣ್ಣಾದರೆ ನಾಚಿಕೆ ಬಿಟ್ಟು ನರಳಬಹುದಲ್ಲ!

ಆ ಹೆಸರಿಗೆ ಕಲ್ಲು ಬಿದ್ದದ್ದು ಒಂದು ಡೈನಮೋದಿಂದ. ಕಾರು ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿಗೆ ನಮ್ಮ ಕಡೆ ಈಗಲೂ ಡೈನಮೋ ಎಂದೇ ಹೆಸರು. ಹಳೆಯದು ಹೋಯಿತೆಂದು ನಂದಾ ವಿಜಯಪುರದ ಸ್ಟೇಷನ್ ರಸ್ತೆಯ ಸಿದ್ದರಾಯನ ಅಂಗಡಿಗೆ ಹೋದಳು. ಅವನು ಬೆಳ್ಳಿಯಂತೆ ಹೊಳೆಯುವ ಒಂದನ್ನು ತಂದಿಟ್ಟ.

"ಒಳಗಿಂದೆಲ್ಲಾ ಹೊಸಾದು ಹಾಕಿ ತಯಾರ ಮಾಡಿದ್ದು ಅಕ್ಕಾರ. ಕಂಪನಿ ಮಾಲಿಗಿಂತ ಗಟ್ಟಿ, ರೇಟು ಅರ್ಧ."

ಅವನ ಹಣೆ ತುಂಬ ಭಂಡಾರ ಇತ್ತು. ದೇವರ ಅರಿಶಿನಪುಡಿ ಹಚ್ಚಿಕೊಂಡವನು ಸುಳ್ಳು ಹೇಳಿಯಾನೇ ಎಂದುಕೊಂಡಳು ಪಾಪ. ತನ್ನ ಚೀಲದ ಭಂಡಾರ ತೆಗೆದು ಅಲ್ಲೇ ಡೈನಮೋಕ್ಕೆ ಪೂಜೆ ಮಾಡಿದಳು. ಒಂದು ಚಿಟಿಕೆ ಅದರ ಕಿಂಡಿಯೊಳಗೂ ಉದುರಿತು. ಉಳಿದದ್ದನ್ನು ಸಿದ್ದರಾಯನೇ ಕೈಚಾಚಿ ಇಸಕೊಂಡು ಹಣೆಗೊತ್ತಿಕೊಂಡ.

ತಿಂಗಳೂ ತುಂಬಲಿಲ್ಲ. ಮಮದಾಪುರದ ಮುದುಕವ್ವ ಹೆರಿಗೆ ನೋವಿನ ಸೊಸೆ ಲಲಿತಾಳನ್ನು ಕರೆದುಕೊಂಡು ಹೊರಟಿದ್ದಾಗ ನಡುದಾರಿಯಲ್ಲಿ ಬ್ಯಾಟರಿ ಬರಿದಾಗಿ ಕಾರು ನಿಂತೇಬಿಟ್ಟಿತು. ನಂದಾ ರಸ್ತೆಗೆ ಅಡ್ಡ ನಿಂತು, ದ್ರಾಕ್ಷಿ ಡಬ್ಬಿ ಸಾಗಿಸುವ ಗಾಡಿ ತಡೆದು ಅವರನ್ನು ಹತ್ತಿಸಿದಳು. ತಾಯಿ, ಮಗು ಇಬ್ಬರೂ ಪಾರಾದರು. ಆದರೆ ಮುದುಕವ್ವ ಊರಿಗೆ ಬಂದು, "ನಂದಾನ ಗಾಡಿ ನಂಬಬ್ಯಾಡ್ರಿ ಬೇ" ಎಂದು ಮನೆಮನೆಗೆ ಹೇಳಿದಳು. ತಪ್ಪೇನು? ನಾನಾದರೂ ಹೇಳುತ್ತಿದ್ದೆ. ನಂದಾಳ ಫೋನ್ ಮೂಕವಾಯಿತು.

ಡೈನಮೋ ಬಿಚ್ಚಿಸಿ ಅಂಗಡಿಗೆ ಒಯ್ದರೆ ಸಿದ್ದರಾಯ ಅವಳನ್ನೇ ತಪ್ಪಿತಸ್ಥಳನ್ನಾಗಿ ಮಾಡಿದ. "ಹೆಣ್ಣಮಕ್ಕಳು ಗಾಡಿ ಹೆಂಗರ ಹೊಡೀತೀರಿ, ಮಾಲಿನ ಮ್ಯಾಲ ಹಾಕ್ತೀರಿ. ಇರ್ಲಿ, ಇಟ್ಟು ಹೋಗ್ರಿ. ನಾಳಿ ಬ್ಯಾರೆದ್ದ ಕೊಡ್ತೀನಿ." ಮರುದಿನ ಕೊಟ್ಟ, ಅಷ್ಟೇ ಹೊಳೆಯುವಂಥದ್ದು. ಸಿಟ್ಟಿನಲ್ಲಿದ್ದ ನಂದಾ ಈ ಸಲ ಪೂಜೆಯನ್ನೂ ಮಾಡಲಿಲ್ಲ, ಭಂಡಾರವನ್ನೂ ಹಚ್ಚಲಿಲ್ಲ.

ಅದೂ ಕೆಲವೇ ದಿನಗಳಲ್ಲಿ ಸತ್ತಿತು. ಬಬಲೇಶ್ವರದ ಮಿಸ್ತ್ರಿ ಮಲ್ಲಿಕಸಾಬ ಅದನ್ನು ಬಿಚ್ಚಿದ. ಒಳಗೆ ಹೊಸದೆಂಬುದು ಒಂದು ಸ್ಕ್ರೂ ಕೂಡ ಇರಲಿಲ್ಲ. ಬೇರಿಂಗು ಸವೆದಿತ್ತು, ತಂತಿ ಸುಟ್ಟಿತ್ತು. ಆ ಕರಿ ಮಸಿಯ ನಡುವೆ ಹಳದಿ ಪುಡಿ ಗಂಟುಕಟ್ಟಿ ಕೂತಿತ್ತು.

"ಇದು ಭಂಡಾರ ಅಲ್ಲೇನ ಬೇ?" ಎಂದ ಮಲ್ಲಿಕಸಾಬ.

ನಂದಾಳ ಮೈಯೆಲ್ಲ ಉರಿದುಹೋಯಿತು. ಸತ್ತದ್ದಕ್ಕೇ ಬಣ್ಣ ಬಳಿದು ಮತ್ತೆ ತನ್ನ ಕೈಗೇ ಕೊಟ್ಟಿದ್ದಾನೆ! ಆ ಕಾರಿನಲ್ಲಿ ಇನ್ನೊಬ್ಬ ಬಸುರಿ ಇದ್ದಿದ್ದರೆ? ಬಿಚ್ಚಿದ ಡೈನಮೋವನ್ನು ಚೀಲಕ್ಕೆ ತುಂಬಿಕೊಂಡು ಸಿಕ್ಕ ಬಸ್ಸು ಹತ್ತಿ ವಿಜಯಪುರಕ್ಕೆ ಹೋದವಳೇ ಅದನ್ನು ಸಿದ್ದರಾಯನ ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದಳು. ಅಂಗಡಿ ತುಂಬ ಗಿರಾಕಿಗಳಿದ್ದರು.

ಅವನು ಹಳದಿ ಪುಡಿ ನೋಡಿ ನಕ್ಕ. "ಭಂಡಾರ ಎಲ್ಲಾರೂ ಹಚ್ಚತಾರ ಅಕ್ಕಾರ. ಇದು ಯಾರದೋ ಏನೋ."

"ಹೌದ್ರಿ. ಹಂಗಾದ್ರ ಇದನ್ನ ಮುಟ್ಟಿ ಹೇಳ್ರಿ, ಇದು ನಾ ತಿರುಗಿ ಕೊಟ್ಟಿದ್ದ ಡೈನಮೋ ಅಲ್ಲ ಅಂತ."

ಭಂಡಾರ ಮುಟ್ಟಿ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಧೈರ್ಯ ಈ ಸೀಮೆಯಲ್ಲಿ ಯಾರಿಗಿದೆ? ಸಿದ್ದರಾಯ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಹಣೆ ಬೆವರಿ ಅವನ ಭಂಡಾರ ಹುಬ್ಬಿಗಿಳಿಯಿತು.

"ರೊಕ್ಕ ವಾಪಸ್ ಕೊಡ್ತೀನಿ, ಗದ್ದಲ ಮಾಡಬ್ಯಾಡ್ರಿ" ಎಂದ ಸಣ್ಣ ದನಿಯಲ್ಲಿ.

"ರೊಕ್ಕ ಆಮ್ಯಾಲ. ಮೊದಲ ನನ್ನ ಹೆಸರ ವಾಪಸ್ ಕೊಡ್ರಿ" ಎಂದು ನಂದಾ ಮುದುಕವ್ವನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಮಾಡಿ ಅವನ ಮುಂದೆ ಹಿಡಿದಳು. ಸಿದ್ದರಾಯ ತೊದಲಿದ. "ಆಯಿ, ಅವತ್ತ ಗಾಡಿ ನಿಂತಿದ್ದು ಈ ಅಕ್ಕಾರ ತಪ್ಪಲ್ಲ. ನನ್ನ ಮಾಲು... ಕೆಟ್ಟಿದ್ದಿತ್ತು."

ಆ ಕಡೆಯಿಂದ ಮುದುಕಿಯ ದನಿ ಬಂತು. "ಯಪ್ಪಾ, ನಿನ್ನ ಮಗಳು ಬ್ಯಾನಿ ತಿನ್ನಾಕತ್ತಿದ್ರ, ಆ ಗಾಡ್ಯಾಗ ಕುಂಡ್ರಸ್ತಿದ್ದೇನು?"

ಸಿದ್ದರಾಯ ಗಲ್ಲಾಪೆಟ್ಟಿಗೆ ತೆಗೆದು ರೊಕ್ಕ ಎಣಿಸತೊಡಗಿದ. ಮುದುಕವ್ವನೇ ಮುಂದುವರಿಸಿದಳು. "ನಂದಾ, ಕೂಸಿಗೆ ಸೂಜಿ ಹಾಕ್ಸೂದೈತಿ. ಗಾಡಿ ಸರಿ ಆದ ಕೂಡಲೆ ನೀನ ಬಾ ಯವ್ವಾ."

ನಂದಾ ಕಣ್ಣೊರೆಸಿಕೊಂಡು, ಸಿದ್ದರಾಯ ಕೊಟ್ಟ ರೊಕ್ಕ ಸೊಂಟಕ್ಕೆ ಸಿಕ್ಕಿಸಿ, ಆ ಡೈನಮೋವನ್ನು ಮತ್ತೆ ಚೀಲಕ್ಕೆ ತುಂಬತೊಡಗಿದಳು.

"ಅದನ್ನ ಇಟ್ಟು ಹೋಗ್ರಿ ಅಕ್ಕಾರ. ಕೆಟ್ಟಿದ್ದು ತೊಗೊಂಡ ಏನ ಮಾಡ್ತೀರಿ?" ಎಂದ ಸಿದ್ದರಾಯ.

"ನೀವೇನ ಮಾಡ್ತೀರಿ ಅನ್ನೂದು ಗೊತ್ತೈತ್ರಿ" ಎಂದು ನಂದಾ ಆ ಸತ್ತ ಭಾರವನ್ನು ಕಂಕುಳಿಗೆ ಅವಚಿಕೊಂಡು ಮೆಟ್ಟಿಲಿಳಿದಳು.