ಈಕ್ವಲೈಜರ್‌ನಲ್ಲಿ ಅತ್ತೆಯ ದನಿ

ನಮ್ಮ ಸೋದರಮಾವನನ್ನು ಬೀದಿಯವರೆಲ್ಲ ‘ಠಣಠಣ’ ಎಂದೇ ಕರೆಯುತ್ತಿದ್ದರು. ಪಾತ್ರೆ ತಟ್ಟುವ ಕಸುಬು. ತಗಡನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು, ಠಣ್ ಎಂದು ತುಂಬುದನಿ ಬರುವ ತನಕ ಸುತ್ತಿಗೆಯಲ್ಲಿ ಬಡಿಯಬೇಕು. ಸಾಕು ಎಂದು ಪಾತ್ರೆಯೇ ಹೇಳುತ್ತದೆ. ಹರೆಯದಿಂದ ಹೀಗೆ ಬಡಿದು ಬಡಿದು ಮಾವನ ಕಿವಿ ಕೆಟ್ಟಿತು. ನಮಗೆ ಗೊತ್ತಾದದ್ದು ಪಾತ್ರೆಗಳು ತೂತಾಗತೊಡಗಿದ ಮೇಲೆ. ಠಣ್ ಎಂದದ್ದು ಕೇಳಲಿಲ್ಲವೆಂದು ಈ ಪುಣ್ಯಾತ್ಮ ಬಡಿಯುತ್ತಲೇ ಇದ್ದ! ಅಂಗಡಿಯ ಸಾಹುಕಾರ ಅವನನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದ.

ಕೆಲಸ ಹೋದದ್ದಕ್ಕೆ ಮಾವ ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಅತ್ತೆಯ ಹಾಡು ಹೋದದ್ದಕ್ಕೆ ಕುಗ್ಗಿಹೋದ. ಅತ್ತೆ ಹೊಲಿಗೆ ಮಷಿನ್ ತುಳಿಯುತ್ತ ಹಾಡುವವಳು. ಅದನ್ನು ಕೇಳಲೆಂದೇ ಮಾವ ಮಧ್ಯಾಹ್ನ ಊಟದ ನೆಪ ಹೇಳಿ ಮನೆಗೆ ಓಡಿ ಬರುತ್ತಿದ್ದ. ಈಗ ಮಷಿನ್ನಿನ ಗಡಗಡವಷ್ಟೇ ಕೇಳುತ್ತಿತ್ತು, ಅವಳ ಸಣ್ಣ ದನಿ ಇಲ್ಲ. ಕಿವಿಗೆ ಮಷಿನ್ ಹಾಕಿಸಿದೆವು. “ನಿಮ್ಮತ್ತೆ ಡಬ್ಬದೊಳಗೆ ಕೂತು ಬೈದ ಹಾಗೆ ಕೇಳುತ್ತೆ” ಎಂದು ಅದನ್ನು ಕಿತ್ತು ಡ್ರಾಯರಿಗೆ ಹಾಕಿದ.

ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡ ನಾನು ಸುಮ್ಮನಿರಬೇಕಲ್ಲ! ಅತ್ತೆಯ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾವನಿಗೆ ಹೆಡ್‌ಫೋನ್ ಹಾಕಿ, ಈಕ್ವಲೈಜರ್ ತೆರೆದೆ. ಸಾಲಾಗಿ ಗೆರೆಗಳು, ಗೆರೆಗೊಂದು ಗುಂಡಿ. ಎಡಗಡೆಯವು ದಪ್ಪ ದನಿಗೆ, ಬಲಗಡೆಯವು ಸಣ್ಣ ದನಿಗೆ. ದಪ್ಪದ್ದನ್ನು ಇಳಿಸಿ, ಸಣ್ಣದ್ದನ್ನು ಏರಿಸುತ್ತ ಹೋದೆ. ಮಾವ ನನ್ನ ಮಣಿಕಟ್ಟು ಹಿಡಿದ.

“ತಡಿಯೇ. ಬಂದ್ಳು.”

ಅವನ ಕಣ್ಣು ತುಂಬಿತ್ತು, ನನ್ನದೂ. ಅತ್ತೆ ತಾನೂ ಹೆಡ್‌ಫೋನ್ ಹಾಕಿಕೊಂಡು ಮುಖ ಕಿವುಚಿದಳು. “ಇದೇನ್ರೀ, ತಗಡು ಕೆರೆದ ಹಾಗಿದೆ! ನಾನು ಹೀಗಾ ಹಾಡೋದು?”

“ನನಗೆ ಹೀಗೇ ಚೆನ್ನಾಗಿದೆ ಕಣೇ” ಎಂದ ಮಾವ.

ಅತ್ತೆ ದಿನಕ್ಕೊಂದು ಹಾಡು ರೆಕಾರ್ಡ್ ಮಾಡಿಕೊಟ್ಟಳು. ಮನೆಯಲ್ಲಿ ಮತ್ತೆ ನಗು ಕಾಣಿಸಿತು. ಆದರೆ ಕಸುಬಿನ ಬುದ್ಧಿ ಎಲ್ಲಿ ಹೋಗುತ್ತೆ? ದನಿ ಕೊಂಚ ಮಸುಕಾದರೂ ಮಾವ ಗುಂಡಿಯನ್ನು ಒಂದಿಷ್ಟು ಮೇಲೆ ತಳ್ಳುತ್ತಿದ್ದ, ವಾಲ್ಯೂಮನ್ನೂ ಏರಿಸುತ್ತಿದ್ದ. ನಾನು ನೋಡುವ ಹೊತ್ತಿಗೆ ಬಲಗಡೆಯ ಗುಂಡಿಗಳೆಲ್ಲ ತುದಿ ಮುಟ್ಟಿದ್ದವು. ಡಾಕ್ಟರಮ್ಮ ಪರೀಕ್ಷೆ ಮಾಡಿ ತಲೆಯಲ್ಲಾಡಿಸಿದರು. ಉಳಿದಿದ್ದ ಅಷ್ಟಿಷ್ಟು ಕಿವಿಯನ್ನು ಆ ಅಬ್ಬರವೇ ತಿಂದುಹಾಕಿತ್ತು.

ನನಗೆ ಮೈಯೆಲ್ಲ ಉರಿಯಿತು. “ಜೋರಾಗಿ ಇಡಬೇಡ ಅಂತ ಬಡ್ಕೊಂಡೆನಲ್ಲ ಮಾವ!” ಎಂದು ಚೀಟಿಯಲ್ಲಿ ಬರೆದು ಕೊಟ್ಟೆ.

“ಕೇಳೋ ತನಕ ಏರಿಸ್ಬೇಕಲ್ವೇನೇ?” ಎಂದ, ಏನೂ ಅರಿಯದವನಂತೆ. ಅವನನ್ನು ಬೈಯುವುದು ಹೇಗೆ?

ಆಮೇಲೆ ಮಾವ ಹೆಡ್‌ಫೋನ್ ಮುಟ್ಟಲಿಲ್ಲ. “ಈಗ ಅದೇನೂ ಬೇಡ, ಹಾಗೇ ಕೇಳುತ್ತೆ” ಎನ್ನತೊಡಗಿದ. ಹೊಲಿಗೆ ಮಷಿನ್ನಿನ ಎದುರು ಸ್ಟೂಲ್ ಹಾಕಿಕೊಂಡು, ಅತ್ತೆಯ ಬಾಯಿಯನ್ನೇ ನೋಡುತ್ತ ತಲೆದೂಗುತ್ತಿದ್ದ. ಅತ್ತೆಗೆ ನಂಬುವ ಆಸೆ. “ಒಂದೊಂದು ಸಲ ಕೇಳುತ್ತೇನೋ ಅನ್ಸುತ್ತೆ” ಎಂದಳು ನನ್ನ ಹತ್ತಿರ.

ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ಹಾಡಿನ ನಡುವೆ ಅತ್ತೆ ನನ್ನತ್ತ ಒಮ್ಮೆ ನೋಡಿ ದನಿ ನಿಲ್ಲಿಸಿದಳು. ತುಟಿ ಮಾತ್ರ ಆಡುತ್ತಿತ್ತು. ಮಾವನ ತಲೆ ತೂಗುತ್ತಲೇ ಇತ್ತು.

“ಇವತ್ತು ನಿನ್ನ ದನಿ ತುಂಬಾ ಚೆನ್ನಾಗಿದೆ ಕಣೇ” ಎಂದ.

ಅತ್ತೆ ತುಟಿ ಆಡಿಸುತ್ತಲೇ ಹಾಡು ಮುಗಿಸಿದಳು. ಅಂದಿನಿಂದ ಆ ಮನೆಯಲ್ಲಿ ನಾನು ಅವಳ ಹಾಡಿನ ದನಿ ಕೇಳಿಲ್ಲ.