ಪೇಶ್ಕಾರರ ತಕ್ಕಡಿ

ಕಲಬುರಗಿಯ ಗಾಜಿಪುರದಲ್ಲಿದ್ದ ಪೇಶ್ಕಾರ ಕಲ್ಯಾಣಪ್ಪನವರು ನಿಜಾಮರ ಕಚೇರಿಯಲ್ಲಿ ಅರ್ಜಿಗಳನ್ನು ನೋಡುವ ಕಣ್ಣಿನಿಂದಲೇ ತಾಟಿನ ರೊಟ್ಟಿಯನ್ನೂ ನೋಡುತ್ತಿದ್ದರು. ಮೈ ಇಳಿಯಬೇಕಾದರೆ ಕ್ಯಾಲೊರಿ ಎಣಿಸಿ ಉಣ್ಣಬೇಕೆಂದು ಹೈದರಾಬಾದಿನ ಡಾಕ್ಟರು ಹೇಳಿದ ಮೇಲೆ, ಅವರ ಮಣೆಯ ಪಕ್ಕಕ್ಕೆ ಅಕ್ಕಸಾಲಿಗರ ತಕ್ಕಡಿಯೊಂದು ಬಂತು. ರೊಟ್ಟಿಗೆ ನಂಜಿಕೊಳ್ಳುವ ಶೇಂಗಾ ಹಿಂಡಿಯ ಪುಡಿಯನ್ನು ಚಿಟಿಕೆಯಲ್ಲಿ ತೂಗುವರು. ಕಮಲಾಪುರದ ಕೆಂಪು ಬಾಳೆಹಣ್ಣು ಬಂದರೆ ಸಿಪ್ಪೆಯನ್ನು ಬೇರೆಯಾಗಿ ತೂಗುವರು. ಊಟ ಅರ್ಧಕ್ಕಿಳಿಯಿತು, ಶೇರವಾನಿ ಮಾತ್ರ ಇನ್ನಷ್ಟು ಬಿಗಿಯಾಯಿತು. ಲೆಕ್ಕವಂತೂ ತಪ್ಪಲಾರದು, ಅಂದಮೇಲೆ ಯಾರೋ ಮೋಸ ಮಾಡುತ್ತಿರಬೇಕು. ಮೊದಲು ತಕ್ಕಡಿಯನ್ನು ಅನುಮಾನಿಸಿದರು, ಆಮೇಲೆ ಹಾಲಿನವಳನ್ನು, ಕೊನೆಗೆ ಹೆಂಡತಿಯನ್ನು. “ಹಿಟ್ಟಿನಾಗ ತುಪ್ಪ ಕಲಸಾಕತ್ತೀಯೇನ?” ಎಂದು ಕೇಳಿದರೆ ಶಂಕ್ರಮ್ಮ, “ತುಪ್ಪದ ಕಪಾಟಿನ ಕೀಲಿ ನಿಮ್ಮ ಉಡದಾರದಾಗೇ ಐತಲ್ರಿ” ಎಂದು ನಗುವರು. ಒಂದು ಸಂಜೆ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಶಂಕ್ರಮ್ಮನ ಕೈ ನಿಂತಿತು. ಹೆಬ್ಬೆರಳು ಒತ್ತಿದ ಕಡೆ ಕಣಕಾಲಿನಲ್ಲಿ ಕುಳಿ ಬಿದ್ದಿತ್ತು. ಬೆರಳು ತೆಗೆದರೂ ಅದು ತುಂಬಲಿಲ್ಲ. “ಇದು ಕೊಬ್ಬಲ್ರೀ, ನೀರು. ನಮ್ಮಪ್ಪನ ಕಾಲೂ ಕಡೀಗಾಲದಾಗ ಹಿಂಗೇ ಬಾತಿದ್ವು” ಎಂದರು. ಪೇಶ್ಕಾರರು ಬಹಳ ಹೊತ್ತು ಆ ಕುಳಿಯನ್ನೇ ನೋಡಿದರು. ಆಮೇಲೆ ಉಡದಾರದ ಕೀಲಿಯನ್ನು ಬಿಚ್ಚಿ, ಹೆಂಡತಿಯ ಎಣ್ಣೆಗೈಯಲ್ಲಿ ಇಟ್ಟರು.