ಭತ್ತದ ಹೊಟ್ಟಿನ ಗೆರೆ

ಮೌನಪ್ಪ ಎಂದೊಡನೆ ನನಗೆ ಕಾಣುವುದು ಎರೆಮಣ್ಣಿನ ಮೇಲೆ ಎಳೆದ ಹೊಂಬಣ್ಣದ ಒಂದು ಗೆರೆ. ಮಾನ್ವಿಯ ಅಂಚಿನಲ್ಲಿ, ಅಕ್ಕಿ ಗಿರಣಿಗಳ ಹಿಂದಿರುವ ಬಯಲಿಗೆ ಭಾನುವಾರದ ನಸುಕಿನಲ್ಲಿ ಅವನು ಭತ್ತದ ಹೊಟ್ಟಿನ ಚೀಲವನ್ನು ಹೆಗಲ ಮೇಲೆ ಹೊತ್ತು ಬರುತ್ತಾನೆ. ಚೀಲದ ಮೂಲೆಯಲ್ಲಿ ಬೆರಳು ತೂರುವಷ್ಟು ತೂತು. ಹಿಂದಿರುಗಿ ನೋಡದೆ ಅವನು ಬಯಲಿನ ಸುತ್ತ ನಡೆಯುತ್ತಾನೆ. ಹೊಟ್ಟು ಸಣ್ಣಗೆ ಸುರಿದು ಅವನ ಹಿಂದೆ ಗೆರೆಯಾಗುತ್ತದೆ. ಮೊದಲ ಬಿಸಿಲು ಬಿದ್ದಾಗ ಕರಿಯ ನೆಲಕ್ಕೆ ಯಾರೋ ಜರಿಯ ಅಂಚು ಹೊಲಿದಂತೆ ತೋರುತ್ತದೆ.

“ಸುಣ್ಣ ಹಾಕಬಾರದೇನು?” ಎಂದು ನಾನೊಮ್ಮೆ ಕೇಳಿದ್ದೆನು.

“ಹುಡುಗೇರು ಬೀಳ್ತಾರ್ರಿ ಮಾಸ್ತರ. ಸುಣ್ಣ ಕಣ್ಣಾಗ ಹೋದ್ರ ಉರಿತದ. ಹೊಟ್ಟು ಏನೂ ಮಾಡಂಗಿಲ್ಲ, ಜಾಡಿಸಿಕೊಂಡು ಏಳಬೌದು,” ಎಂದನು.

ಹೊಟ್ಟು ಏನೂ ಮಾಡುವುದಿಲ್ಲ, ನಿಜ. ಆದರೆ ನಿಲ್ಲುವುದೂ ಇಲ್ಲ. ಹೊತ್ತೇರಿದಂತೆ ಗಾಳಿ ಏಳುತ್ತದೆ, ಆಟ ನಡುವಿಗೆ ಬರುವಷ್ಟರಲ್ಲಿ ಗೆರೆ ಅಲ್ಲಲ್ಲಿ ಹರಿದು, ಚಿನ್ನದ ಧೂಳಾಗಿ ಮೇಲೆದ್ದು, ಆಡುವವರ ಕೂದಲಿಗೂ ಹುಬ್ಬಿಗೂ ಅಂಟಿಕೊಳ್ಳುತ್ತದೆ. ಚೆಂಡು ಹೊರಗೆ ಹೋಯಿತೇ, ಯಾರ ಕಾಲಿಗೆ ತಗುಲಿ ಹೋಯಿತು ಎಂದು ಹೇಳಲು ಆ ಬಯಲಿನಲ್ಲಿ ಗೆರೆಯೂ ಇಲ್ಲ, ಬಾವುಟ ಹಿಡಿದ ಪಂಚರೂ ಇಲ್ಲ. ಆದುದರಿಂದ ಮೌನಪ್ಪನ ತಂಡದಲ್ಲಿ ಒಂದು ರೂಢಿ ಬೆಳೆದುಬಂದಿತು. ಯಾರಿಗೆ ತಗುಲಿ ಚೆಂಡು ಹೊರಗೆ ಹೋಯಿತೋ ಅವರೇ ಕೈ ಎತ್ತಬೇಕು. ಮಾತಾಡಬಾರದು. ಕೈ ಎತ್ತಿಕೊಂಡೇ ಹೋಗಿ ಚೆಂಡನ್ನು ತಂದು ಎದುರಿನವರಿಗೆ ಕೊಡಬೇಕು. ಆ ಬಯಲಿನಲ್ಲಿ ಕಾಲಿನಿಂದ ಚೆಂಡು ಒದೆಯುವುದನ್ನು ಕಲಿಯುವ ಮೊದಲು ಮಕ್ಕಳು ಕೈ ಎತ್ತುವುದನ್ನು ಕಲಿಯುತ್ತಿದ್ದರು.

ಮೌನಪ್ಪನು ಪೋತ್ನಾಳದವನು. ಹರೆಯದಲ್ಲಿ ಗಿರಣಿಯ ಕೆಲಸಕ್ಕೆಂದು ಮಾನ್ವಿಗೆ ಬಂದವನು ಇಲ್ಲಿಯೇ ನಿಂತನು. ಫುಟ್‌ಬಾಲ್ ಅವನಿಗೆ ದೊರೆತದ್ದು ಬಸ್ಸು ತಪ್ಪಿದ್ದರಿಂದ. ರಾಯಚೂರಿಗೆ ಯಾವುದೋ ಕೆಲಸಕ್ಕೆ ಹೋಗಿದ್ದಾಗ ಸಂಜೆಯ ಬಸ್ಸು ಹೊರಟುಹೋಯಿತು. ಮುಂದಿನ ಬಸ್ಸಿಗೆ ಕಾಯುತ್ತ ಅಲೆದಾಡುವಾಗ ಮೈದಾನವೊಂದರಲ್ಲಿ ಕೆಲವರು ಆಡುತ್ತಿದ್ದರು. ಕೋಟೆಯ ಬೆಟ್ಟದ ಹಿಂದೆ ಹೊತ್ತು ಮುಳುಗುತ್ತಿತ್ತಂತೆ. ಆಟಗಾರರ ನೆರಳುಗಳು ಅವರಿಗಿಂತ ಉದ್ದವಾಗಿ ಓಡುತ್ತಿದ್ದವಂತೆ. “ನೆರಳಿಗೂ ಚೆಂಡು ಸಿಕ್ಕಂಗ ಕಾಣ್ತಿತ್ತ್ರಿ,” ಎಂದು ಈಗಲೂ ಹೇಳುತ್ತಾನೆ. ಆ ದಿನ ಅವನು ಎರಡನೆಯ ಬಸ್ಸನ್ನೂ ತಪ್ಪಿಸಿಕೊಂಡನು.

ಮೊದಲು ಗಿರಣಿಯ ಹುಡುಗರಿಗೆ ಕಲಿಸಿದನು. ಆಮೇಲೆ ಅವನ ಅಣ್ಣನ ಮಗಳು ಸಂಘಮಿತ್ರಾ ಹಟ ಹಿಡಿದು ಬಯಲಿಗೆ ಇಳಿದಳು. ಅವಳ ಹಿಂದೆ ಅವಳ ಗೆಳತಿಯರು. ಹೀಗೆ ಮಾನ್ವಿಯಲ್ಲಿ ಹುಡುಗಿಯರ ತಂಡವೊಂದು ಹುಟ್ಟಿತು. ಅವರೆಲ್ಲರಿಗೂ ಅವನು ಕಾಕಾ.

ಆಟ ಮುಗಿದ ಮೇಲೆ ಭಾನುವಾರದ ಇನ್ನೊಂದು ಆಟ ಬಯಲಿನ ಎದುರಿಗಿರುವ ಪಕೀರಮ್ಮನ ಚಹಾದಂಗಡಿಯಲ್ಲಿ ನಡೆಯುತ್ತಿತ್ತು. ನಿವೃತ್ತನಾದ ಮೇಲೆ ನನಗೂ ಆ ಬೆಂಚಿನಲ್ಲಿ ಒಂದು ಸ್ಥಳ ದೊರೆಯಿತು. ಮುಖ್ಯ ಆಟಗಾರರು ಇಬ್ಬರು: ಮೌನಪ್ಪ ಮತ್ತು ಅಂಬರೀಶ. ಅಂಬರೀಶನು ಇದೇ ಬಯಲಿನಲ್ಲಿ ಮೌನಪ್ಪನ ಕೈಯಲ್ಲಿ ಆಟ ಕಲಿತವನು. ಈಗ ದೇವದುರ್ಗದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ, ಅಲ್ಲಿಯ ಹುಡುಗಿಯರ ತಂಡದ ಕೋಚ್. ಬೆಂಗಳೂರಿಗೆ ಹೋಗಿ ತರಬೇತಿ ಮುಗಿಸಿಕೊಂಡು ಬಂದಿದ್ದನು. ವಾದಿಸುವುದಕ್ಕೆಂದೇ ಭಾನುವಾರ ದೇವದುರ್ಗದಿಂದ ಬಸ್ಸು ಹತ್ತಿ ಬರುತ್ತಿದ್ದನು.

“ಅಣ್ಣಾ, ನಿನ್ನಿ ಟಿ.ವಿ.ಯಾಗ ಮ್ಯಾಚ್ ನೋಡಿದೇನು? ಕೋಚ್ ಅಂದ್ರ ಹಂಗಿರಬೇಕು. ಗೆರಿ ಮ್ಯಾಲ ನಿಂತು ತೊಂಬತ್ತು ನಿಮಿಷ ಒದರಿದ,” ಎಂದು ಅಂಬರೀಶ ಶುರುಮಾಡುತ್ತಿದ್ದನು.

“ಮತ್ತ ಸೋತನಲ್ಲಲೇ.”

“ಸೋತ್ರೂ ಒದರಿ ಸೋತ. ನೀ ಪುಟ್ಟಿ ಮ್ಯಾಲ ಕುಂತು ತುಟಿ ಪಿಟಕ್ ಅನ್ನಂಗಿಲ್ಲ.”

ಆಟದ ಹೊತ್ತಿಗೆ ಮೌನಪ್ಪನು ಕಬ್ಬಿಣದ ಪುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂಡುತ್ತಿದ್ದನು. ಮುಗಿಯುವ ತನಕ ಏಳುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ.

“ಬಿತ್ತಿದ ಮ್ಯಾಲ ಬದುವಿಗೆ ನಿಂತು ಒದರಿದ್ರ ಬೆಳಿ ಲಗೂನ ಬರ್ತದೇನು?” ಎಂದು ಮೌನಪ್ಪ.

“ಹಕ್ಕಿಗಳಾದ್ರೂ ಹಾರಿ ಹೋಗ್ತಾವಲ್ಲ!” ಎಂದು ಅಂಬರೀಶ.

ಮಾತು ಆಟಗಾರರ ನಡತೆಗೆ ಹೊರಳಿದರೆ ಇಬ್ಬರೂ ಒಂದೇ ಪಕ್ಷ. “ಮೊಣಕಾಲಿಗೆ ತಾಕಿದ್ರ ಮಾರಿ ಹಿಡಕೊಂಡು ಉಳ್ಳಾಡ್ತಾರ. ನಮ್ಮ ಎಮ್ಮಿ ಸುದ್ದಾ ಹಂಗ ಉಳ್ಳಾಡಂಗಿಲ್ಲ,” ಎಂದು ಅಂಬರೀಶನು ಬೆಂಚಿನಿಂದ ಜಾರಿ ನಟಿಸಿ ತೋರಿಸುತ್ತಿದ್ದನು. ನಿಯಮಗಳ ವಿಷಯಕ್ಕೆ ಬಂದರೆ ಮತ್ತೆ ಜಗಳ. ಗೋಲ್‌ಕೀಪರ್ ಚೆಂಡನ್ನು ಬಹಳ ಹೊತ್ತು ಅಪ್ಪಿಕೊಂಡರೆ ಎದುರಿನವರಿಗೆ ಕಾರ್ನರ್ ಕೊಡುವ ಹೊಸ ನಿಯಮ ಮೌನಪ್ಪನಿಗೆ ಹಿಡಿಸಿತ್ತು. ಟಿ.ವಿ.ಯಲ್ಲಿ ಹಿಂದೆಮುಂದೆ ತಿರುಗಿಸಿ ನೋಡಿ ತೀರ್ಪು ಹೇಳುವುದು ಹಿಡಿಸಿರಲಿಲ್ಲ.

“ಯಾರಿಗೆ ತಾಕ್ಯದ ಅಂತ ತಾಕಿದವರಿಗೇ ಗೊತ್ತಿರ್ತದ. ಅವರ ಕೈ ಎತ್ತಿದ್ರ ಮುಗೀತು. ಅದಕ್ಕ ಟಿ.ವಿ. ಯಾಕ?”

“ಅಣ್ಣಾ, ಆ ಕೈ ಎತ್ತೋದು ಈಗ ಬಿಡಿಸು. ಹೊರಗಿನ ಟೂರ್ನಮೆಂಟಿನ್ಯಾಗ ಯಾರ ಕೈ ಎತ್ತತಾರ? ಈಗಂತೂ ಕ್ಯಾಪ್ಟನ್ ಒಬ್ಬಾಕಿನ ಬಿಟ್ಟು ಯಾರೂ ರೆಫರಿ ಮುಂದ ಹೋಗಂಗಿಲ್ಲ. ಹೋದ್ರ ಹಳದಿ ಕಾರ್ಡ್.”

“ಒಳ್ಳೆ ನಿಯಮಾನ. ಗುಂಪು ಕಟ್ಟಿಕೊಂಡು ಹೋಗಿ ಹೆದರಸೋದು ತಪ್ಪತದ. ನಾವೇನು ಹೆದರಸಾಕ ಕೈ ಎತ್ತತೀವೇನು?”

“ಯಪ್ಪಾ, ಚಹಾ ಕುಡದ ಗ್ಲಾಸು ಬೆಂಚಿನ ಕೆಳಗ ಇಡಬಾರದು ಅಂತ ಒಂದು ನಿಯಮ ಮಾಡ್ರಿ ಮೊದಲ,” ಎಂದು ಪಕೀರಮ್ಮ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು. ಇಬ್ಬರು ಕೋಚ್‌ಗಳೂ ಬಗ್ಗಿ ಗ್ಲಾಸು ಹುಡುಕುತ್ತಿದ್ದರು.

ಹೋದ ವರ್ಷದ ಚಳಿಗಾಲದಲ್ಲಿ ಈ ತಮಾಷೆಗೆ ಒಂದು ಭಾರ ಬಂದಿತು. ತಂಡಕ್ಕೆ ಅಂಗಿ, ಬೂಟು ಕೊಡಿಸುವ ಊರಿನ ಯುವಕರ ಸಂಘದವರು ಬಂದು ಮೌನಪ್ಪನ ಮುಂದೆ ನಿಂತರು. ಒಳ್ಳೆಯ ಮಾತಿನಲ್ಲಿಯೇ ಹೇಳಿದರು: ಹುಡುಗಿಯರು ಚೆನ್ನಾಗಿ ಆಡುತ್ತಾರೆ, ಆದರೆ ಪ್ರತಿ ವರ್ಷವೂ ಮಧ್ಯದಲ್ಲಿಯೇ ಸೋಲುತ್ತಾರೆ, ರಾಯಚೂರಿನ ಟೂರ್ನಮೆಂಟಿನಲ್ಲಿ ಈ ಸಲ ಫೈನಲ್ ತಲುಪದಿದ್ದರೆ ತರಬೇತಿ ಪಡೆದ ಬೇರೊಬ್ಬ ಕೋಚ್ ತರುವುದಾಗಿ. ಮೌನಪ್ಪ ತಲೆಯಾಡಿಸಿದನು. ಅವರು ಹೋದ ಮೇಲೆ ಪುಟ್ಟಿ ಎತ್ತಿಕೊಂಡು ಬಯಲಿಗೆ ಇಳಿದನು. ಮಕ್ಕಳಿಲ್ಲದ ಆ ಮನುಷ್ಯನಿಗೆ ಗಿರಣಿಯ ಸದ್ದು ನಿಂತ ಮೇಲೆ ಉಳಿಯುವುದು ಆ ಬಯಲೊಂದೇ ಎಂದು ನಮಗೆಲ್ಲ ಗೊತ್ತಿತ್ತು.

ಸೆಮಿಫೈನಲ್ ದೇವದುರ್ಗದ ಮೇಲೆಯೇ ಬಿದ್ದಿತು. ಎದುರಿಗೆ ಅಂಬರೀಶ.

ತಂಡದೊಡನೆ ನಾನೂ ಬಸ್ಸು ಹತ್ತಿದೆನು. ರಾಯಚೂರಿನ ಮೈದಾನದಲ್ಲಿ ಸುಣ್ಣದ ಗೆರೆಗಳು ಹಲ್ಲಿನಂತೆ ಬೆಳ್ಳಗಿದ್ದವು. ದೂರದಲ್ಲಿ ಕೋಟೆಯ ಬೆಟ್ಟದ ಬಂಡೆಗಳು ಬಿಸಿಲಿನ ಮಂಜಿನಲ್ಲಿ ನೆಲ ಬಿಟ್ಟು ತೇಲುತ್ತಿರುವಂತಿದ್ದವು. ರೆಫರಿ ಹೊರ ಊರಿನಿಂದ ಬಂದ ತರುಣ, ಚುರುಕಾದವನು. ಅಂಬರೀಶನು ಆರಂಭದಿಂದಲೇ ಗೆರೆಯುದ್ದಕ್ಕೂ ಓಡಾಡುತ್ತ, “ದಾನೇಶ್ವರಿ, ಹಿಂದ ಬಾ ಬೇ! ನೋಡಿ ಆಡು!” ಎಂದು ಕಿರುಚುತ್ತಿದ್ದನು. ಮೌನಪ್ಪ ಮಾನ್ವಿಯಿಂದ ತಂದ ಪುಟ್ಟಿಯ ಮೇಲೆ ಕುಳಿತಿದ್ದನು.

ಚೆಂಡು ಸಂಘಮಿತ್ರಾಳ ಕಾಲಿಗೆ ತಗುಲಿ ಹೊರಗೆ ಹೋಯಿತು. ಅವಳು ಕೈ ಎತ್ತಿದಳು. ಎತ್ತಿದ ಕೈಯೊಡನೆಯೇ ಚೆಂಡು ತರಲು ರೆಫರಿ ನಿಂತಿದ್ದ ಕಡೆಗೆ ಓಡಿದಳು. ಅವನು ಬೆರಳು ತೋರಿಸಿ ಎಚ್ಚರಿಕೆ ಕೊಟ್ಟನು. ಅವಳಿಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹಾಗೆಯೇ ಆಯಿತು. ಮತ್ತೆ ಕೈ, ಮತ್ತೆ ಓಟ. ತನ್ನ ತೀರ್ಪನ್ನು ಪ್ರಶ್ನಿಸಲು ಬರುತ್ತಿದ್ದಾಳೆಂದು ತಿಳಿದ ರೆಫರಿ ಹಳದಿ ಕಾರ್ಡು ತೆಗೆದನು. ಇನ್ನೊಂದು ಕಾರ್ಡು ಬಂದರೆ ಅವಳು ಮೈದಾನದಿಂದ ಹೊರಗೆ.

ವಿರಾಮದಲ್ಲಿ ಗೋಲ್‌ಕೀಪರೂ ಕ್ಯಾಪ್ಟನ್ನೂ ಆದ ಜೋಯಾ ಉರಿಯುತ್ತ ಬಂದಳು. “ಕಾಕಾ, ನಾ ಹೋಗಿ ರೆಫರಿಗೆ ಹೇಳ್ತೀನಿ. ಇಕಿ ಜಗಳಾ ಮಾಡಾಕತ್ತಿಲ್ಲ, ತನ್ನ ತಪ್ಪು ಒಪ್ಪಿಕೊಳ್ಳಾಕತ್ತಾಳ ಅಂತ.”

ಮೌನಪ್ಪ ನೆಲ ನೋಡಿದನು. “ಬ್ಯಾಡವ್ವ. ಹೊರಗಿನವರು, ಸಿಟ್ಟಾದ್ರ ಮತ್ತ ಕಷ್ಟ.” ಆಮೇಲೆ ಸಂಘಮಿತ್ರಾಳ ಕಡೆ ತಿರುಗಿದನು. “ಇನ್ನ ಮ್ಯಾಲ ಕೈ ಎತ್ತಬ್ಯಾಡ.”

“ನನಗ ತಾಕಿದ್ರ, ಕಾಕಾ?”

“ತಾಕಿದ್ರೂ.”

ಅಷ್ಟೇ. ಕುಡಿಯುವ ನೀರಿನ ಬಾಟಲಿಯನ್ನು ಅವಳ ಕೈಗೆ ಕೊಟ್ಟು ಅವನು ಪುಟ್ಟಿಯ ಮೇಲೆ ಕುಳಿತನು. ಅವನ ಧ್ವನಿ ಅವನದಲ್ಲವೆಂಬಂತೆ ನನಗೆ ಕೇಳಿಸಿತು.

ಉತ್ತರಾರ್ಧದಲ್ಲಿ ನೆರಳುಗಳು ಉದ್ದವಾಗತೊಡಗಿದವು. ಮಾನ್ವಿಯ ಗೋಲಿನ ಬಳಿ ಚೆಂಡು ಸಂಘಮಿತ್ರಾಳ ಬೂಟಿನ ತುದಿಯನ್ನು ಸವರಿ ಹೊರಗೆ ಹೋಯಿತು. ದೇವದುರ್ಗಕ್ಕೆ ಕಾರ್ನರ್ ಸಿಗಬೇಕಾಗಿತ್ತು. ರೆಫರಿ ನೋಡಲಿಲ್ಲ; ಚೆಂಡು ಮಾನ್ವಿಯದೆಂದು ತೋರಿಸಿದನು. ಸಂಘಮಿತ್ರಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದುಕೊಂಡು ನಿಂತಳು. ಎದುರಿಗೆ ಅಂಬರೀಶ ಕಿರುಚುವುದನ್ನು ನಿಲ್ಲಿಸಿದನು. ಪುಟ್ಟಿಯ ಮೇಲೆ ಕುಳಿತ ತನ್ನ ಗುರುವಿನ ಕಡೆಗೆ ನೋಡಿದನು. ಮೌನಪ್ಪ ಅವನ ಕಡೆಗೆ ನೋಡಲಿಲ್ಲ.

ಆಟ ಮುಗಿಯುವ ಹೊತ್ತು, ಇನ್ನೂ ಯಾರೂ ಗೋಲು ಹೊಡೆದಿರಲಿಲ್ಲ. ದೇವದುರ್ಗದ ಗೋಲಿನ ಮಗ್ಗುಲಲ್ಲಿ ಸಂಘಮಿತ್ರಾ, ದಾನೇಶ್ವರಿ ಇಬ್ಬರೂ ಒಟ್ಟಿಗೇ ಕಾಲು ಹಾಕಿದರು. ಚೆಂಡು ಗೆರೆ ದಾಟಿತು. ರೆಫರಿ ಚೆಂಡು ದೇವದುರ್ಗದ್ದೆಂದು ಕೈ ತೋರಿಸಿದನು. ಆಗ ದಾನೇಶ್ವರಿ ಕೈ ಎತ್ತಿದಳು.

ಮೊದಲು ನನಗೆ ಕನಸೆನಿಸಿತು. ದೇವದುರ್ಗದ ನೀಲಿ ಅಂಗಿ, ಮೇಲಕ್ಕೆ ಎದ್ದ ಸಣ್ಣ ಕೈ. ಅದರ ನೆರಳು ಹುಲ್ಲಿನ ಮೇಲೆ ಚಾಚಿಕೊಂಡು ಮೌನಪ್ಪನ ಕಾಲಿನವರೆಗೂ ಬಂದಂತಿತ್ತು. ಅವಳು ಮಾತಾಡಲಿಲ್ಲ. ಕೈ ಎತ್ತಿಕೊಂಡೇ ಹೋಗಿ ಚೆಂಡು ತಂದು ಸಂಘಮಿತ್ರಾಳ ಮುಂದೆ ಹಿಡಿದಳು. ಬೆಂಚಿನ ಮೇಲೆ ಕುಳಿತು ವರ್ಷವೆಲ್ಲ ಈ ರೂಢಿಯನ್ನು ಹಳಿದಿದ್ದ ಅಂಬರೀಶನು ದೇವದುರ್ಗದಲ್ಲಿ ತನ್ನ ಹುಡುಗಿಯರಿಗೆ ಅದನ್ನೇ ಕಲಿಸಿದ್ದನು.

ರೆಫರಿಯ ಕೈ ಜೇಬಿನ ಕಡೆಗೆ ಹೋಯಿತು. ಅಷ್ಟರಲ್ಲಿ ಜೋಯಾ ಗೋಲು ಬಿಟ್ಟು ಓಡಿಬಂದಳು. “ಸರ್ರಿ, ನಾ ಕ್ಯಾಪ್ಟನ್, ನಾ ಮಾತಾಡಬೌದು. ಇಕಿ ನಿಮ್ಮ ಜೋಡಿ ಜಗಳಕ್ಕ ಬಂದಿಲ್ಲ. ಚೆಂಡು ತನಗ ತಾಕ್ಯದ ಅಂತ ಹೇಳಾಕತ್ತಾಳ. ನಮ್ಮ ಬಯಲಿನ್ಯಾಗ ಗೆರಿ ನಿಲ್ಲಂಗಿಲ್ರಿ, ಗಾಳಿಗಿ ಹಾರಿ ಹೋಗ್ತದ. ಅದಕ್ಕ ಹಿಂಗ ಮಾಡ್ತೀವಿ.”

ತರುಣ ರೆಫರಿ ಇಬ್ಬರು ಹುಡುಗಿಯರನ್ನೂ ನೋಡಿದನು. ಜೇಬಿನಿಂದ ಕೈ ಹೊರಗೆ ಬಂದಿತು, ಖಾಲಿಯಾಗಿ. ಚೆಂಡು ಮಾನ್ವಿಯದೆಂದು ತಿರುಗಿಸಿ ತೋರಿಸಿದನು. ಆ ಕಾರ್ನರಿನಿಂದ ಬಂದ ಚೆಂಡನ್ನು ಸಂಘಮಿತ್ರಾ ತಲೆಯಿಂದ ಗೋಲಿಗೆ ತಳ್ಳಿದಳು. ಸ್ವಲ್ಪ ಹೊತ್ತಿಗೆ ಕೊನೆಯ ಸೀಟಿ ಕೇಳಿಸಿತು. ಮಾನ್ವಿ ಗೆದ್ದಿತು, ಫೈನಲ್ ತಲುಪಿತು, ಮೌನಪ್ಪನ ಬಯಲು ಮೌನಪ್ಪನಿಗೇ ಉಳಿಯಿತು.

ಹಿಂದಿರುಗುವ ಬಸ್ಸಿನಲ್ಲಿ ಹುಡುಗಿಯರು ಹಾಡಿ ಕುಣಿದರು. ಸಂಘಮಿತ್ರಾ ಕಿಟಕಿಗೆ ತಲೆಯಾನಿಸಿ ಹೊರಗಿನ ಗದ್ದೆಗಳನ್ನು ನೋಡುತ್ತಿದ್ದಳು. ಮೌನಪ್ಪ ಪುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದನು. ಕಲ್ಲೂರು ದಾಟಿದ ಮೇಲೆ, “ಗೆದ್ದಿರಲ್ಲ, ಏನಾದರೂ ಮಾತಾಡಪ್ಪ,” ಎಂದೆನು.

“ಅವರು ಎತ್ತಿದ ಕೈಯಿಂದ ಗೆದ್ದೀವ್ರಿ ಮಾಸ್ತರ. ನಮ್ಮ ಕೂಸಿನ ಕೈ ನಾ ಕಟ್ಟಿ ಹಾಕಿದ್ದೆ,” ಎಂದನು.

ಫೈನಲ್ಲಿಗೆ ಮೊದಲಿನ ಭಾನುವಾರ ಎಂದಿನಂತೆ ಹೊಟ್ಟಿನ ಗೆರೆ ಎಳೆದಾಗಿತ್ತು. ಅಂಬರೀಶನೂ ಬಂದು ಪಕೀರಮ್ಮನ ಅಂಗಡಿಯ ಮುಂದೆ ಗ್ಲಾಸು ಹಿಡಿದು ನಿಂತಿದ್ದನು. ಹುಡುಗಿಯರು ಎರಡು ಪಾಲಾಗಿ ಆಡುತ್ತಿದ್ದರು. ಚೆಂಡು ಸಂಘಮಿತ್ರಾಳಿಗೆ ತಗುಲಿ ಹೊರಗೆ ಉರುಳಿತು. ಗಾಳಿ ಆಗಲೇ ಎದ್ದಿತ್ತು, ಅಲ್ಲಿ ಗೆರೆ ಉಳಿದಿರಲಿಲ್ಲ. ಅವಳ ಕೈ ಅರ್ಧಕ್ಕೆ ಏಳುತ್ತ ಅಲ್ಲಿಯೇ ನಿಂತಿತು. ಕಾಕಾನ ಕಡೆಗೆ ನೋಡಿದಳು.

ಮೌನಪ್ಪ ಪುಟ್ಟಿಯಿಂದ ಎದ್ದನು. ಆಟ ನಡೆದಿರುವಾಗ ಅವನು ಏಳುವುದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಹಾರುವ ಹೊಟ್ಟಿನ ನಡುವೆ, ಬಿಸಿಲಿಗೆ ಎದುರಾಗಿ, ಅವನು ತನ್ನ ಬಲಗೈಯನ್ನು ತಲೆಯ ಮೇಲೆ ಎತ್ತಿದನು. ಎತ್ತಿದ ಕೈಯನ್ನು ಇಳಿಸದೆ ನಡೆದುಹೋಗಿ ಚೆಂಡನ್ನು ತಂದು ಸಂಘಮಿತ್ರಾಳ ಮುಂದಿಟ್ಟನು.

ಹುಡುಗಿಯರು ಕಕ್ಕಾಬಿಕ್ಕಿಯಾದರು. “ಕಾಕಾ, ನಿನಗೆಲ್ಲಿ ತಾಕ್ಯದ!” ಎಂದು ಜೋಯಾ ಗೋಲಿನಿಂದ ನಕ್ಕಳು.

“ತಾಕ್ಯದ,” ಎಂದನು ಮೌನಪ್ಪ.

ಸಂಘಮಿತ್ರಾ ನಗಲಿಲ್ಲ. ಅವನನ್ನೇ ನೋಡುತ್ತ ತನ್ನ ಕೈಯನ್ನು ಪೂರ್ತಿ ಮೇಲೆತ್ತಿದಳು. ಆಮೇಲೆ ಚೆಂಡನ್ನು ಎದುರಿನ ಪಾಲಿನವರ ಕಡೆಗೆ ಉರುಳಿಸಿದಳು. ಅಂಗಡಿಯ ಮುಂದೆ ಅಂಬರೀಶನ ಗ್ಲಾಸಿನಲ್ಲಿ ಚಹಾ ತಣ್ಣಗಾಗುತ್ತಿತ್ತು.

“ಹಿಂದ ಬಾ ಬೇ, ನೋಡಿ ಆಡು!” ಎಂದು ಅವನು ಒಮ್ಮೆಲೇ ಕಿರುಚಿದನು. ಆಡುತ್ತಿದ್ದುದು ಅವನ ತಂಡವಲ್ಲ. ಆದರೂ ಯಾರೂ ಬೇಡವೆನ್ನಲಿಲ್ಲ. ಮೌನಪ್ಪ ಹೋಗಿ ಪುಟ್ಟಿಯ ಮೇಲೆ ಕುಳಿತುಕೊಂಡು ಹುಬ್ಬಿಗೆ ಅಂಟಿದ ಹೊಟ್ಟನ್ನು ಒರೆಸಿಕೊಂಡನು.